ನಿವೃತ್ತಿಗೆ ಮುಂಚೆ ಮನೆ ಹಗುರ ಮಾಡೋದು ಹೇಗೆ? ಮೊದಲು ಒಂದು ಮಂಗಳವಾರ ಬರೆಯಿರಿ

ಮಕ್ಕಳು ಓದು, ಕೆಲಸ ಅಂತ ಊರು ಬಿಟ್ಟಾಯಿತು. ನಿವೃತ್ತಿಗೆ ಇನ್ನೆರಡು ಮೂರು ವರ್ಷ ಇರಬಹುದು. ಮನೆಯಲ್ಲಿ ಇರುವವರು ಇಬ್ಬರೇ, ಸಾಮಾನು ಮಾತ್ರ ಹತ್ತು ಜನಕ್ಕಾಗುವಷ್ಟು. ಅಂಥ ಮನೆಗಳವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಮ್ಮದೂ ಮೈಸೂರಿನ ಅಂಥದ್ದೇ ಒಂದು ಮನೆ.

ದಸರಾಕ್ಕೋ ದೀಪಾವಳಿಗೋ ಅಟ್ಟದ ಸಾಮಾನೆಲ್ಲ ಇಳಿಸುತ್ತೇವೆ. ಧೂಳು ಒರೆಸುತ್ತೇವೆ. ಮತ್ತೆ ಅಲ್ಲೇ ಏರಿಸುತ್ತೇವೆ. ಒಂದೊಂದನ್ನೂ ಕೈಯಲ್ಲಿ ಹಿಡಿದು "ಇದು ಬೇಕಾ?" ಅಂತ ಕೇಳಿಕೊಂಡರೆ ಬರುವ ಉತ್ತರ ಗೊತ್ತೇ ಇದೆ: "ಇರಲಿ ಬಿಡು, ಯಾವತ್ತಾದ್ರೂ ಬೇಕಾಗುತ್ತೆ." ಹಾಗೆ ಕೇಳುತ್ತಾ ಹೋದರೆ ಒಂದು ಚಮಚವೂ ಮನೆಯಿಂದ ಹೊರಗೆ ಹೋಗುವುದಿಲ್ಲ. ಅದಕ್ಕೆ ಸಾಮಾನಿನಿಂದ ಶುರು ಮಾಡಬೇಡಿ. ಮುಂದೆ ನೀವು ಹೇಗೆ ಬದುಕಬೇಕು ಅಂದುಕೊಂಡಿದ್ದೀರೋ ಅಲ್ಲಿಂದ ಶುರು ಮಾಡಿ.

ಒಂದು ಹಾಳೆ, ಒಂದು ಮಂಗಳವಾರ

ಮೂರು ವರ್ಷದ ನಂತರದ ಒಂದು ಮಂಗಳವಾರವನ್ನು ಬೆಳಿಗ್ಗೆಯಿಂದ ರಾತ್ರಿವರೆಗೆ ಒಂದು ಹಾಳೆಯಲ್ಲಿ ಬರೆಯಿರಿ. ಭಾನುವಾರ ಬೇಡ, ಹಬ್ಬ ಬೇಡ, ಮಕ್ಕಳು ರಜೆಗೆ ಬಂದ ದಿನವೂ ಬೇಡ. ಮುಂದಿನ ಬದುಕು ಅಂದ ತಕ್ಷಣ ನಮಗೆಲ್ಲ ಹಬ್ಬದ ಮನೆಯೇ ಕಣ್ಣಿಗೆ ಕಟ್ಟುತ್ತದೆ. ಬಾಳೆಲೆ, ನಲವತ್ತು ಜನ, ಹಜಾರದ ತುಂಬ ಚಾಪೆ. ವರ್ಷಕ್ಕೆ ಎರಡು ದಿನ ಬರುವ ಆ ಚಿತ್ರಕ್ಕೋಸ್ಕರ ಉಳಿದ ದಿನವೆಲ್ಲ ಡಬರಿಗಳ ಜೊತೆ ಸಂಸಾರ ಮಾಡುತ್ತೇವೆ.

ನನ್ನ ಹಾಳೆಯ ಶುರು ಹೀಗಿತ್ತು. "ಐದೂವರೆಗೆ ಎದ್ದೆ. ಲೈಟ್ ಹಾಕದೆ ಬಚ್ಚಲಿಗೆ ಹೋದರೂ ಕಾಲಿಗೆ ಏನೂ ತಗುಲಲಿಲ್ಲ. ಕಾಫಿ ಮಾಡಿಕೊಂಡು ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು ಪೇಪರ್ ಓದಿದೆ. ಕನ್ನಡಕ ಅಲ್ಲೇ ಇತ್ತು. ಎರಡೇ ಜನಕ್ಕೆ ಅಡುಗೆ, ಮುಕ್ಕಾಲು ಗಂಟೆ. ಸಂಜೆ ಐದಕ್ಕೆ ಬೀದಿಯ ಮಕ್ಕಳು ಲೆಕ್ಕ ಹೇಳಿಸಿಕೊಳ್ಳೋಕೆ ಬಂದರು, ಊಟದ ಮೇಜು ಖಾಲಿ ಇತ್ತು." ಹೀಗೇ ಸಣ್ಣಸಣ್ಣ ವಿಷಯ ಬರೆಯಿರಿ. ಎಲ್ಲಿ ಕೂತಿರಿ, ಏನು ಮುಟ್ಟಿದಿರಿ, ಯಾರು ಬಂದರು, ಮಂಡಿ ಎಷ್ಟು ಸಲ ಬಗ್ಗಿಸಬೇಕಾಯಿತು. "ನೆಮ್ಮದಿಯಾಗಿ ಇರುತ್ತೇನೆ" ಅಂತ ಬರೆದರೆ ಪ್ರಯೋಜನವಿಲ್ಲ. ಆ ವಾಕ್ಯ ನೋಡಿ ಯಾವ ಬೀರುವನ್ನೂ ಖಾಲಿ ಮಾಡೋಕಾಗಲ್ಲ.

ಗಂಡ ಹೆಂಡತಿ ಇಬ್ಬರೂ ಬೇರೆಬೇರೆ ಬರೆಯಬೇಕು, ಆಮೇಲೆ ಹಾಳೆ ಬದಲಾಯಿಸಿಕೊಂಡು ಓದಬೇಕು. ನಮ್ಮನೆಯಲ್ಲಿ ಇದು ಹೀಗಾಯಿತು:

"ರೀ, ನಿಮ್ಮ ಸಾಯಂಕಾಲದಲ್ಲಿ ನಾನು ಎಲ್ಲಿದ್ದೀನಿ?"

"ಅಡುಗೆಮನೆಯಲ್ಲಿ ಇದ್ದೀಯಲ್ಲ. ಏಳು ಗಂಟೆಗೆ ಬೋಂಡ ಅಂತ ಬರೆದಿದ್ದೀನಿ ನೋಡು."

"ನನ್ನ ಹಾಳೆಯಲ್ಲಿ ಏಳು ಗಂಟೆಗೆ ನಾನು ವಾಕಿಂಗ್‌ನಲ್ಲಿದ್ದೀನಿ. ಬೋಂಡ ಯಾರು ಕರೀತಾರೆ?"

ಇಂಥ ಮಾತು ಈಗಲೇ ಆಗಿಬಿಡುವುದು ಒಳ್ಳೆಯದು. ಸಾಮಾನಿನ ಜಗಳಗಳಲ್ಲಿ ಅರ್ಧದಷ್ಟು ಇಂಥ ಬೋಂಡದ ಜಗಳಗಳೇ.

ಒಂದು ಎಚ್ಚರಿಕೆ. ಹಾಳೆಯಲ್ಲಿ ಹೊಸ ಹವ್ಯಾಸ ಒಂದೇ ಒಂದು ಇರಲಿ. ಉಳಿದದ್ದೆಲ್ಲ ಈಗಾಗಲೇ ಸ್ವಲ್ಪವಾದರೂ ಮಾಡುತ್ತಿರುವ ಕೆಲಸ ಆಗಿರಬೇಕು. ಬಟ್ಟೆ ಒಣಗಿಸುವ ಟ್ರೆಡ್‌ಮಿಲ್, ತಂತಿ ಕಿತ್ತ ವೀಣೆ, ಒಂದೇ ಸಲ ತಿರುಗಿದ ಜ್ಯೂಸರ್ ಇವೆಲ್ಲ ಮನೆಗೆ ಬಂದದ್ದೂ ಮುಂದಿನ ಬದುಕನ್ನು ಕಲ್ಪಿಸಿಕೊಂಡೇ ಅಲ್ವಾ? ಕಲ್ಪನೆಯನ್ನು ಸುಮ್ನೆ ಬಿಟ್ಟರೆ ಅದೇ ಸಾಮಾನು ತಂದು ತುಂಬಿಸುತ್ತದೆ.

ಮೊದಲು ನೆಲ

ಹಾಳೆಯಲ್ಲಿ ನೀವು ನಡೆಯುವ, ಕೂರುವ, ಕೆಲಸ ಮಾಡುವ ಜಾಗಗಳ ಕೆಳಗೆ ಗೆರೆ ಎಳೆಯಿರಿ. ಕೆಲಸ ಶುರುವಾಗುವುದು ಅಲ್ಲಿಂದ. ಹಾಸಿಗೆಯಿಂದ ಬಚ್ಚಲಿನ ದಾರಿ, ಕುರ್ಚಿಯ ಸುತ್ತ, ಒಲೆಯ ಮುಂದಿನ ಜಾಗ. ಹಳೇ ಫೋಟೋ, ಮಕ್ಕಳ ಆಟಿಕೆಗಳ ಹತ್ತಿರ ಮೊದಲ ವಾರ ಹೋಗಲೇಬೇಡಿ. ಹೋದರೆ ಆಲ್ಬಂ ನೋಡುತ್ತಾ ಮಧ್ಯಾಹ್ನ ಮುಗಿದುಹೋಗುತ್ತದೆ.

ನೆಲದ ಮೇಲೆ ಸುರುಳಿ ಬಿದ್ದಿರುವ ವೈರು, ಜಾರುವ ಕಾಲೊರೆಸು, ದಾರಿಯಲ್ಲಿ ನಿಂತ ಟೀಪಾಯಿ, ಬಾಗಿಲ ಹಿಂದೆ ಒರಗಿಸಿದ ಹಳೇ ಮಂಚದ ಹಲಗೆ ಮೊದಲು ಹೋಗಲಿ. ವಯಸ್ಸಾದ ಮೇಲೆ ಮನೆಯೊಳಗೇ ಎಡವಿ ಸೊಂಟದ ಮೂಳೆ ಮುರಿದುಕೊಂಡವರು ನಿಮ್ಮ ನೆಂಟರಲ್ಲೇ ಒಬ್ಬರಾದರೂ ಇರುತ್ತಾರೆ. ದಿನಾ ಬೇಕಾಗುವ ಸಾಮಾನು ಸೊಂಟದಿಂದ ಭುಜದ ಎತ್ತರದೊಳಗೆ ಬರಲಿ. ಸ್ಟೂಲ್ ಹತ್ತಿ ತೆಗೆಯಬೇಕಾದದ್ದು ನಿಮ್ಮ ಮಂಗಳವಾರಕ್ಕೆ ಸೇರಿದ್ದಲ್ಲ.

ಅಡುಗೆಮನೆ ಮತ್ತು ಅಟ್ಟ

ಹೆಚ್ಚು ಹೊತ್ತು ಹಿಡಿಯುವುದು ಇಲ್ಲೇ. ಪಾತ್ರೆಗಳನ್ನು ಮೂರು ಗುಂಪು ಮಾಡಿ. ಮಂಗಳವಾರ ಮುಟ್ಟುವಂಥವು. ಮಕ್ಕಳು ಬಂದಾಗ ಬೇಕಾಗುವಂಥವು, ಅಂದರೆ ಆರೇಳು ಜನಕ್ಕೆ. ಇನ್ನು ಮದುವೆ ಮುಂಜಿ ಲೆಕ್ಕದವು: ಕೊಳದಪ್ಪಲೆ, ದೊಡ್ಡ ಡಬರಿ, ಅಗಲದ ಬಾಣಲೆ, ಮೂವತ್ತು ಲೋಟ, ಜಾಲರಿ ಸೌಟು.

ಮೂರನೇ ಗುಂಪಿಗೆ ಉತ್ತರ ನಿಮ್ಮ ಬೀದಿಯ ಕೊನೆಯಲ್ಲೇ ಇದೆ: ಶಾಮಿಯಾನ ಅಂಗಡಿ. ಪಾತ್ರೆ, ಕುರ್ಚಿ, ಹಾಸಿಗೆ, ಗ್ಯಾಸ್ ಒಲೆ ಎಲ್ಲ ಬಾಡಿಗೆಗೆ ಕೊಡುತ್ತಾರೆ, ಆಟೋದಲ್ಲಿ ಕಳಿಸುತ್ತಾರೆ, ಮಾರನೇ ದಿನ ಬಂದು ಒಯ್ಯುತ್ತಾರೆ. ಒಮ್ಮೆ ಹೋಗಿ ದರ ಕೇಳಿ ಬನ್ನಿ. ಆ ಚೀಟಿಯನ್ನು ಅಟ್ಟದ ಕೆಳಗೆ ನಿಂತು ಓದಿದರೆ ಅರ್ಧ ಸಾಮಾನು ತಾನಾಗೇ ಇಳಿಯುತ್ತದೆ. ಅದೂ ಅಲ್ಲದೆ ಐವತ್ತು ಜನಕ್ಕೆ ಅಂದರೆ ಈಗ ಯಾರು ಮನೆಯಲ್ಲಿ ಅಡುಗೆ ಮಾಡುತ್ತಾರೆ? ಭಟ್ಟರಿಗೆ ಹೇಳುತ್ತೇವೆ. ಅವರು ಅವರ ಪಾತ್ರೆ ತರುತ್ತಾರೆ.

ಹೆಸರು ಹಾಕಿಸಿದ ಪಾತ್ರೆಗಳದ್ದು ಬೇರೆ ಕಥೆ. ಮದುವೆಗೋ ಗೃಹಪ್ರವೇಶಕ್ಕೋ ಬಂದ ಸ್ಟೀಲ್ ಡಬ್ಬಿ, ಬೇಸಿನ್ನು, ಕೊಡ. ಅಂಚಿನ ಕೆಳಗೆ ಚುಕ್ಕೆಚುಕ್ಕೆಯಲ್ಲಿ ಕೊಟ್ಟವರ ಹೆಸರು, ಊರು, ತಾರೀಖು. ಹೆಸರಿದೆ ಅನ್ನುವ ಕಾರಣಕ್ಕೇ ಯಾರಿಗೂ ಕೊಡೋಕಾಗಲ್ಲ, ಬಳಸಿದರೆ ಗೀರು ಬೀಳುತ್ತೆ ಅಂತ ಬಳಸುವುದೂ ಇಲ್ಲ. ನಮ್ಮ ಸೋದರತ್ತೆ ಕೊಟ್ಟ ಡಬ್ಬಿಯ ಮುಚ್ಚಳದ ಮೇಲೆ "1991" ಅಂತಿದೆ. ಒಳಗೆ ಅಂಗಡಿಯವರು ಸುತ್ತಿದ್ದ ಪೇಪರ್ ಹಾಗೇ ಇತ್ತು. ಅದು ಈಗ ಒಲೆ ಪಕ್ಕದಲ್ಲಿದೆ, ಹುರಿಗಡಲೆಗೆ. ನೀವೂ ಹೀಗೇ ಮಾಡಿ. ಯಾರ ನೆನಪು ನಿಜವಾಗಲೂ ಬೇಕೋ ಅವರದ್ದು ಒಂದೊಂದು ಪಾತ್ರೆ ದಿನಬಳಕೆಗೆ ಇಳಿಯಲಿ. ಉಳಿದವು ಪಾತ್ರೆ ಅಂಗಡಿಗೆ. ಹೆಸರು ಯಾರೂ ಓದುವುದಿಲ್ಲ, ತೂಕ ನೋಡುತ್ತಾರೆ.

ಸ್ಟೀಲಿಗೆ ತೂಕದ ಮೇಲೆ ಸಿಗುವುದು ಕಡಿಮೆ. ಹಿತ್ತಾಳೆ, ತಾಮ್ರಕ್ಕೆ ಜಾಸ್ತಿ. ಎರಡನ್ನೂ ಒಂದೇ ಮೂಟೆಗೆ ಹಾಕಬೇಡಿ. ಹಿತ್ತಾಳೆಗೆ ಎರಡು ಅಂಗಡಿಯಲ್ಲಾದರೂ ದರ ಕೇಳಿ, ತೂಕ ಹಾಕುವಾಗ ಎದುರಿಗೇ ನಿಂತಿರಿ.

"ಹಿತ್ತಾಳೆಯಲ್ಲೇ ಅಡುಗೆ ಮಾಡಬೇಕು ಅಂತ ಹಾಳೆಯಲ್ಲಿ ಬರೆದಿದ್ದೀನಲ್ಲ" ಅಂತೀರಾ? ಹಾಗಾದರೆ ಮೊದಲು ಕಲಾಯಿ ಹಾಕುವವರನ್ನು ಹುಡುಕಿ. ಕಲಾಯಿ ಇಲ್ಲದ ಹಿತ್ತಾಳೆ, ತಾಮ್ರದಲ್ಲಿ ಹುಣಸೆಹುಳಿ, ಮೊಸರು ಹಾಕಿದರೆ ಕಿಲುಬು ಬಿಡುತ್ತದೆ, ಆರೋಗ್ಯಕ್ಕೆ ಒಳ್ಳೆಯದಲ್ಲ. ಕಲಾಯಿಯವರು ಸಿಕ್ಕಿದರೆ ಎರಡು ಪಾತ್ರೆ ಇಟ್ಟುಕೊಳ್ಳಿ. ಸಿಗದಿದ್ದರೆ ಕೊಟ್ಟುಬಿಡಿ. ಈ ಪರೀಕ್ಷೆ ಎಷ್ಟೋ ಸಾಮಾನಿಗೆ ಆಗುತ್ತದೆ. ಆ ಕ್ಯಾಸೆಟ್ ಹಾಕುವ ಟೇಪ್ ರೆಕಾರ್ಡರ್ ಇದೆಯಾ? ಆ ಒತ್ತು ಶ್ಯಾವಿಗೆ ಒರಳನ್ನು ತಿರುಗಿಸುವ ರಟ್ಟೆ ಮನೆಯಲ್ಲಿ ಯಾರಿಗಿದೆ?

ರುಬ್ಬುವ ಕಲ್ಲು, ಬೀಸೋ ಕಲ್ಲನ್ನು ಇಟ್ಟುಕೊಳ್ಳುವುದಾದರೆ ಗಿಡಗಳ ಮಧ್ಯೆ ಒಂದು ಜಾಗ ನೋಡಿ ಇಟ್ಟುಬಿಡಿ. ಅದನ್ನು ಹೊತ್ತುಕೊಂಡು ಹೋಗಲು ಬರುವವರು ಸುಲಭಕ್ಕೆ ಸಿಗಲ್ಲ.

ಬಟ್ಟೆ ಬೀರು

ಮಂಗಳವಾರ ಏನು ಉಡುತ್ತೀರಿ? ಮನೆಯಲ್ಲಿ ಹತ್ತಿ ಸೀರೆಯೋ ಚೂಡಿದಾರವೋ, ಹೊರಗೆ ಹೋಗಲು ಎರಡು ಮೂರು. ಕಚೇರಿಗೆ ಅಂತಲೇ ತೆಗೆದುಕೊಂಡ ಇಪ್ಪತ್ತು ಸಿಂಥೆಟಿಕ್ ಸೀರೆಗಳಿಗೆ ನಿವೃತ್ತಿಯ ಮಾರನೇ ದಿನದಿಂದ ಕೆಲಸವಿಲ್ಲ. ಗಂಡಸರ ಫಾರ್ಮಲ್ ಪ್ಯಾಂಟುಗಳದ್ದೂ ಅದೇ ಗತಿ.

ರೇಷ್ಮೆ ಸೀರೆ ಕೊಡುವ ಮುಂಚೆ ಯೋಚಿಸಿ. ಬಾಗಿಲಿಗೆ ಬಂದು ಹಳೇ ಬಟ್ಟೆಗೆ ಬಕೆಟ್ಟು, ಪಾತ್ರೆ ಕೊಡುವವರಿಗೆ ಹಳೇ ಜರಿ ಸೀರೆ ಮೇಲೆ ಕಣ್ಣು ಯಾಕೆ ಅನ್ನುತ್ತೀರಿ? ಮೈಸೂರಿನ ಕೆಎಸ್‌ಐಸಿ, ಅಂದರೆ ಸರ್ಕಾರದ ರೇಷ್ಮೆ ನಿಗಮದ ಸೀರೆಗಳ ಜರಿಯಲ್ಲಿ ಬೆಳ್ಳಿಯೇ ಶೇ 65, ಅದರ ಮೇಲೆ ಚಿನ್ನ ಶೇ 0.65. ಅಸಲಿ ಜರಿ ಇದ್ದರೆ ಅದಕ್ಕೆ ಬೆಲೆ ಇದ್ದೇ ಇದೆ. ಕೊಡಲೇಬೇಕು ಅಂದರೆ ಜರಿ ಪರೀಕ್ಷಿಸಿ ಕೊಳ್ಳುವ ಅಂಗಡಿಗೆ ಹೋಗಿ. ಇಟ್ಟುಕೊಳ್ಳುವವುಗಳನ್ನು ಹಳೇ ಹತ್ತಿ ಪಂಚೆಯಲ್ಲಿ ಸುತ್ತಿಡಿ, ಪ್ಲಾಸ್ಟಿಕ್ ಕವರಿನಲ್ಲಿ ಬೇಡ. ಆಗಾಗ ಮಡಿಕೆ ಬದಲಾಯಿಸಿ, ಇಲ್ಲದಿದ್ದರೆ ಮಡಿಕೆಯಲ್ಲೇ ಸೀಳುತ್ತದೆ.

ಮೆತ್ತಗಾದ ಹತ್ತಿ ಸೀರೆಗೆ ಉತ್ತರ ಕರ್ನಾಟಕದವರ ಕೌದಿಯೇ ಸರಿ. ಯಲ್ಲಾಪುರ, ಹಳಿಯಾಳದ ಕಡೆಯ ಸಿದ್ದಿ ಹೆಣ್ಣುಮಕ್ಕಳು ಹೊಲಿಯುವ ಕವಂದಿಯೂ ಅದೇ ಥರದ್ದು. ಹೊಲಿಸುವವರು ಗೊತ್ತಿದ್ದರೆ ಐದಾರು ಸೀರೆ ಸೇರಿ ಒಂದು ಹೊದಿಕೆ ಆಗುತ್ತದೆ. ಅಮ್ಮನ ಸೀರೆಗಳನ್ನು ಬೀರುವಿನಲ್ಲಿಟ್ಟು ವರ್ಷಕ್ಕೊಮ್ಮೆ ನೋಡುವುದಕ್ಕಿಂತ ರಾತ್ರಿ ಹೊದ್ದು ಮಲಗುವುದೇ ಮೇಲು ಅಂತ ನನ್ನ ಲೆಕ್ಕ.

ರವಿಕೆ ಕಣಗಳ ಬಗ್ಗೆ ಒಂದೇ ಮಾತು. ತಾಂಬೂಲದಲ್ಲಿ ಬಂದದ್ದನ್ನೇ ತಾಂಬೂಲದಲ್ಲಿ ಕೊಡುತ್ತೇವೆ, ಎಲ್ಲರಿಗೂ ಗೊತ್ತು. ಹತ್ತು ಇಟ್ಟುಕೊಂಡು ಉಳಿದದ್ದನ್ನು ಹೊಲಿಗೆ ಕಲಿಯುವ ಹುಡುಗಿಯರಿಗೆ ಕೊಡಿ. ಅವರಾದರೂ ಕತ್ತರಿ ಹಾಕುತ್ತಾರೆ.

ಕಾಗದ ಪತ್ರ

ಇಲ್ಲಿ ಅವಸರ ಬೇಡ. ಕ್ರಯಪತ್ರ, ಮೂಲಪತ್ರಗಳು, ಖಾತೆ, ಮಂಜೂರಾದ ನಕ್ಷೆ, ಕಂದಾಯ ಕಟ್ಟಿದ ರಶೀದಿಗಳು, ಜನನ ಮರಣ ಮದುವೆ ಪ್ರಮಾಣಪತ್ರಗಳು, ಅಂಕಪಟ್ಟಿ, ಪಿಂಚಣಿ ಆದೇಶ. ಇವು ಯಾವತ್ತಿಗೂ ಇರಬೇಕು. ಸೈಟು, ಷೇರು, ಚಿನ್ನ ಕೊಂಡ ಬಿಲ್ಲುಗಳನ್ನು ಆ ಆಸ್ತಿ ನಿಮ್ಮ ಕೈಯಲ್ಲಿರುವವರೆಗೂ ಇಡಿ. ಮುಂದೆ ಮಾರಿದಾಗ ಲಾಭದ ತೆರಿಗೆ ಲೆಕ್ಕ ಹಾಕಲು ಕೊಂಡ ಬೆಲೆ ತೋರಿಸಬೇಕು. ಮನೆಗೆ ಮೇಲೊಂದು ರೂಮು ಕಟ್ಟಿಸಿದ ಬಿಲ್ಲೂ ಅದಕ್ಕೇ ಬೇಕು.

ಆದಾಯ ತೆರಿಗೆ ಕಾಗದಗಳನ್ನು ಮೂವತ್ತು ವರ್ಷದಿಂದ ಕಟ್ಟಿಟ್ಟವರಿದ್ದಾರೆ. 2024ರ ಸೆಪ್ಟೆಂಬರ್ 1ರಿಂದ ಬಂದ ನಿಯಮದ ಪ್ರಕಾರ ಹಳೇ ಲೆಕ್ಕ ಮತ್ತೆ ತೆರೆಯಲು ಇಲಾಖೆಗೆ ಸಾಮಾನ್ಯವಾಗಿ ಇರುವ ಅವಧಿ ಆ ಅಸೆಸ್‌ಮೆಂಟ್ ವರ್ಷ (ಆದಾಯ ಬಂದ ವರ್ಷದ ಮುಂದಿನ ವರ್ಷ) ಮುಗಿದ ಮೇಲೆ 3 ವರ್ಷ 3 ತಿಂಗಳು. ಬಿಟ್ಟುಹೋದ ಆದಾಯ 50 ಲಕ್ಷ ಅಥವಾ ಅದಕ್ಕಿಂತ ಹೆಚ್ಚಿದ್ದರೆ 5 ವರ್ಷ 3 ತಿಂಗಳು. ಹಾಗಾಗಿ ಸಂಬಳದವರು ಎಂಟು ವರ್ಷದ್ದು ಇಟ್ಟುಕೊಂಡರೆ ಧಾರಾಳ ಆಯಿತು. ನೋಟಿಸು, ಕೇಸು ಏನಾದರೂ ಇದ್ದರೆ ಮಾತ್ರ ಆ ವರ್ಷದ ಫೈಲ್ ಮುಟ್ಟಬೇಡಿ.

ಕರೆಂಟ್ ಬಿಲ್, ಫೋನ್ ಬಿಲ್ ಒಂದು ವರ್ಷದ್ದು ಸಾಕು. ಹಾಳಾದ ಮಿಕ್ಸಿಯ ವಾರಂಟಿ ಕಾರ್ಡ್, ಮುಚ್ಚಿದ ಬ್ಯಾಂಕ್ ಖಾತೆಯ ಹಳೇ ಪಾಸ್‌ಬುಕ್ ಹೋಗಬಹುದು. ಆದರೆ ಆಧಾರ್, ಪ್ಯಾನ್ ಜೆರಾಕ್ಸ್ ಪ್ರತಿಗಳು, ಬಳಸದ ಚೆಕ್ಕುಗಳು ರದ್ದಿಗೆ ಹೋಗಲೇಬಾರದು. ಸಣ್ಣಗೆ ಹರಿದು ಬಕೆಟ್ ನೀರಿನಲ್ಲಿ ಒಂದು ರಾತ್ರಿ ನೆನೆಸಿ, ಕೈಯಲ್ಲಿ ಕಿವುಚಿ ಹಾಕಿ.

ಉಳಿದದ್ದಕ್ಕೆ ಒಂದೇ ಫೈಲ್. ಅದರ ಮೊದಲ ಹಾಳೆಯಲ್ಲಿ ಯಾವ ಬ್ಯಾಂಕು, ಯಾವ ಪಾಲಿಸಿ, ಲಾಕರ್ ಕೀಲಿ ಎಲ್ಲಿದೆ, ನಾಮಿನಿ ಯಾರು ಅಂತ ಬರೆದಿಡಿ. ಬರೆಯಲು ಕೂತಾಗಲೇ ಗೊತ್ತಾಗುತ್ತದೆ, ಎಷ್ಟು ಕಡೆ ತೀರಿಕೊಂಡವರ ಹೆಸರೇ ನಾಮಿನಿಯಾಗಿ ಉಳಿದಿದೆ ಅಂತ.

ಮಕ್ಕಳ ಸಾಮಾನು, ದೇವರ ಸಾಮಾನು

ಮಕ್ಕಳ ರೂಮನ್ನು ಅವರಿಲ್ಲದಾಗ ಖಾಲಿ ಮಾಡಬೇಡಿ. ವಿಡಿಯೋ ಕಾಲ್ ಮಾಡಿ, ಒಂದೊಂದೇ ತೋರಿಸಿ ಕೇಳಿ. "ಇರಲಿ ಅಮ್ಮ" ಅಂದರೆ "ಯಾವ ತಿಂಗಳು ಬಂದು ತಗೊಂಡು ಹೋಗ್ತೀಯಪ್ಪ?" ಅಂತ ಕೇಳಿ. ಆ ತಿಂಗಳನ್ನು ಡಬ್ಬದ ಮೇಲೆ ಬರೆಯಿರಿ. ಸಿಇಟಿ ಗೈಡುಗಳನ್ನು ಮಾತ್ರ ಯಾರನ್ನೂ ಕೇಳದೆ ಕೊಟ್ಟುಬಿಡಬಹುದು, ಹಳತಾದಷ್ಟೂ ಅವುಗಳ ಉಪಯೋಗ ಕಡಿಮೆ. ಕಥೆ, ಕಾದಂಬರಿ, ಮಕ್ಕಳ ಪುಸ್ತಕ ಚೆನ್ನಾಗಿದ್ದರೆ ನಿಮ್ಮ ಹಳ್ಳಿಯ ಅರಿವು ಕೇಂದ್ರದಲ್ಲಿ ವಿಚಾರಿಸಿ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿಗೆ ಈಗ ಇರುವ ಹೆಸರು ಅದು.

ಗೊಂಬೆ ಕೂರಿಸುವ ಮನೆಯಾದರೆ ಪೂರ್ತಿ ಇಡಬೇಕು, ಇಲ್ಲವೇ ಬಿಟ್ಟುಬಿಡಬೇಕು ಅಂತೇನಿಲ್ಲ. ಮೆಟ್ಟಿಲು ಬೆಸವಾಗಿರಬೇಕು ಅನ್ನುವುದಷ್ಟೇ ಪದ್ಧತಿ. ಒಂಬತ್ತು ಇಟ್ಟವರು ಮೂರು ಇಡಬಹುದು. ಪಟ್ಟದ ಗೊಂಬೆ ಜೋಡಿ, ಕಲಶ, ಇಷ್ಟವಾದ ಒಂದು ಸೆಟ್ಟು. ಉಳಿದ ಗೊಂಬೆಗಳನ್ನು ಈಗಷ್ಟೇ ಗೊಂಬೆ ಕೂರಿಸಲು ಶುರು ಮಾಡಿರುವ ಯಾರಿಗಾದರೂ ಕೊಡಿ. ನವರಾತ್ರಿಗೆ ಒಂದು ತಿಂಗಳು ಮುಂಚೆ ಕೇಳಿದರೆ ತೆಗೆದುಕೊಳ್ಳುವವರು ಖಂಡಿತ ಸಿಗುತ್ತಾರೆ.

ಇನ್ನು ದೇವರ ಪಟ, ದೇವರ ಕ್ಯಾಲೆಂಡರ್, ಗಣಪತಿ ಚಿತ್ರ ಇರುವ ಲಗ್ನಪತ್ರಿಕೆ. ಅರಿಶಿನ ಕುಂಕುಮ ಹಚ್ಚಿದ ಪತ್ರಿಕೆಯನ್ನು ಕಸಕ್ಕೆ ಹಾಕಲು ಕೈ ಬರುವುದಿಲ್ಲ. ಹಾಗಂತ ಅರಳಿಕಟ್ಟೆ ಮೇಲೆ ಇಟ್ಟು ಬಂದರೆ ಮಳೆಯಲ್ಲಿ ನೆನೆದು, ಗಾಜು ಒಡೆದು, ದನದ ಕಾಲಿಗೆ ಚುಚ್ಚುತ್ತದೆ. ಅದೇನು ಭಕ್ತಿ? ಗಾಜು ಮತ್ತು ಚೌಕಟ್ಟು ಬಿಚ್ಚಿ ಬೇರೆ ಮಾಡಿ. ಬರೀ ಕಾಗದದ ಚಿತ್ರವನ್ನು ನಮಸ್ಕಾರ ಮಾಡಿ ನೀರಿನಲ್ಲಿ ನೆನೆಸಿ, ಕರಗಿಸಿ ಗಿಡದ ಬುಡಕ್ಕೆ ಹಾಕಿ. ಪ್ಲಾಸ್ಟಿಕ್ ಲೇಪ, ಹೊಳೆಯುವ ಹಾಳೆ ಇದ್ದರೆ ಅದು ಒಣ ಕಸ.

ಮನೆಯಿಂದ ಹೊರಗೆ ಎಲ್ಲಿಗೆ

ಕೊಡುವ ಜಾಗ ಮೊದಲು ಗೊತ್ತು ಮಾಡಿಕೊಂಡು ಆಮೇಲೆ ಚೀಲ ಕಟ್ಟಿ. ಇಲ್ಲದಿದ್ದರೆ ಆ ಚೀಲವೇ ವರಾಂಡದಲ್ಲಿ ಆರು ತಿಂಗಳು ಕೂರುತ್ತದೆ. ಉಡಲು ಯೋಗ್ಯವಾದ ಬಟ್ಟೆಯನ್ನು ಒಗೆದು, ಗುಂಡಿ ಹೊಲಿದು ಕೊಡಿ. 1999ರಲ್ಲಿ ಶುರುವಾದ ಗೂಂಜ್ ಥರದ ಸಂಸ್ಥೆಗಳು ತೆಗೆದುಕೊಳ್ಳುತ್ತವೆ. ಹರಿದದ್ದು ಒರೆಸುವ ಬಟ್ಟೆ. ಮನೆಕೆಲಸಕ್ಕೆ ಬರುವವರಿಗೆ ಕೊಡುವುದಾದರೆ "ನಿಂಗೆ ಯಾವುದು ಬೇಕು, ಆರಿಸ್ಕೋಮ್ಮ" ಅಂತ ಹರಡಿ ತೋರಿಸಿ. ಮೂಟೆ ಕಟ್ಟಿ ಕೈಗೆ ಕೊಟ್ಟರೆ ನಿಮ್ಮ ಅಟ್ಟದ ಭಾರವನ್ನು ಅವರ ಒಂದೇ ರೂಮಿನ ಮನೆಗೆ ಸಾಗಿಸಿದ ಹಾಗೆ.

ಹಳೇ ಮೊಬೈಲ್, ಚಾರ್ಜರ್, ಕಂಪ್ಯೂಟರ್ ಗುಜರಿಗೆ ಬೇಡ. 2023ರ ಏಪ್ರಿಲ್‌ನಿಂದ ಜಾರಿಯಾದ ಇ-ತ್ಯಾಜ್ಯ ನಿಯಮಗಳ ಪ್ರಕಾರ ಇವು ನೋಂದಾಯಿತ ಮರುಬಳಕೆದಾರರ ಕೈಗೇ ಸೇರಬೇಕು. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ವಿಚಾರಿಸಿದರೆ ಹತ್ತಿರದವರು ಯಾರು ಅಂತ ಗೊತ್ತಾಗುತ್ತದೆ. ಕೊಡುವ ಮುಂಚೆ ಅದರೊಳಗಿನ ಫೋಟೋಗಳನ್ನು ಬೇರೆ ಕಡೆ ಉಳಿಸಿಕೊಂಡು, ಖಾತೆಗಳಿಂದ ಲಾಗ್‌ಔಟ್ ಆಗಿ, ಪೂರ್ತಿ ರೀಸೆಟ್ ಮಾಡಿ. ಅವಧಿ ಮುಗಿದ ಮಾತ್ರೆ, ಹಳೇ ಟ್ಯೂಬ್‌ಲೈಟ್, ಪಾದರಸದ ಥರ್ಮಾಮೀಟರ್, ಬ್ಯಾಟರಿ ಸೆಲ್ಲುಗಳನ್ನು ಬೇರೆ ಕಸದ ಜೊತೆ ಸೇರಿಸದೆ, ಏನೇನಿದೆ ಅಂತ ಹೇಳಿ ಕಸದ ಗಾಡಿಯವರಿಗೆ ಕೊಡಿ.

ಇನ್ನೊಬ್ಬರ ರಾಶಿ

ನಿಮ್ಮ ರಾಶಿ ನಿಮ್ಮದು, ಗಂಡನದ್ದೋ ಹೆಂಡತಿಯದ್ದೋ ರಾಶಿ ಅವರದ್ದು. ಅವರ ಸ್ಕ್ರೂ ಡಬ್ಬ, ಹಳೇ ರೇಡಿಯೋ, ನಿಮಗೆ ಕಸ ಅನ್ನಿಸಿದರೂ ಕದ್ದು ಹಾಕಬೇಡಿ. ಒಮ್ಮೆ ಸಿಕ್ಕಿಬಿದ್ದರೆ ಆಮೇಲೆ ಅವರು ಒಂದು ಮೊಳೆಯನ್ನೂ ಬಿಟ್ಟುಕೊಡಲ್ಲ. ಅದರ ಬದಲು ಒಂದು ಜಾಗ ಗೊತ್ತು ಮಾಡಿ: ಇಷ್ಟು ಶೆಲ್ಫ್ ನಿಮ್ಮದು, ಅದರೊಳಗೆ ಏನಾದರೂ ಇಟ್ಟುಕೊಳ್ಳಿ. ಮನೆಯಲ್ಲಿ ವಯಸ್ಸಾದ ಅತ್ತೆ ಮಾವ ಇದ್ದರೆ ಅವರ ಟ್ರಂಕನ್ನು ಮುಟ್ಟುವುದೇ ಬೇಡ. ಅವರೇ ತೆಗೆದು ತೋರಿಸಿದರೆ ಪಕ್ಕ ಕೂತು ಕೇಳಿ.

ಹಾಳೆಯನ್ನು ವರ್ಷಕ್ಕೊಮ್ಮೆ ತಿರುಗಿ ಬರೆಯಿರಿ. ಮೊಮ್ಮಗು ಬಂದರೆ, ಮಂಡಿ ಆಪರೇಷನ್ ಆದರೆ, ಊರಿನ ತೋಟದ ಮನೆಗೆ ಹೋಗಿ ಇರೋಣ ಅನ್ನಿಸಿದರೆ ಮಂಗಳವಾರ ಬದಲಾಗುತ್ತದೆ, ಸಾಮಾನಿನ ಲೆಕ್ಕವೂ ಬದಲಾಗುತ್ತದೆ. ಹೊಸದು ಏನು ತರುವುದಿದ್ದರೂ ಅದು ಯಾವ ಹೊತ್ತಿಗೆ, ಯಾವ ಜಾಗದಲ್ಲಿ ಕೈಗೆ ಬರುತ್ತೆ ಅಂತ ಹಾಳೆಯಲ್ಲಿ ಹುಡುಕಿ. ಸಿಗದಿದ್ದರೆ ಅಂಗಡಿಯಲ್ಲೇ ಇರಲಿ. ಹಬ್ಬದ ಎಕ್ಸ್‌ಚೇಂಜ್ ಆಫರ್ ಬಂದಾಗ ಹಳೇ ಕುಕ್ಕರ್ ಕೊಟ್ಟು ಹೊಸದು ತರಬಹುದು, ಒಂದಕ್ಕೆ ಒಂದು ಮಾತ್ರ. ಜೊತೆಗೆ ಫ್ರೀ ಅಂತ ಕೊಡುವ ಬಾಣಲೆಯನ್ನು ಬೇಡ ಅನ್ನಿ, ಅಥವಾ ಬಿಲ್ಲಿನಲ್ಲಿ ಏನಾದರೂ ಕಡಿಮೆ ಮಾಡ್ತೀರಾ ಅಂತ ಕೇಳಿ. ಕೆಲವರು ಮಾಡುತ್ತಾರೆ.